ಕ್ಯಾಂಪರ್ ವ್ಯಾನಿಗೆ ಯಾವ ಬ್ಯಾಟರಿ? ತುಂಬಿಸುವ ಲೆಕ್ಕದಿಂದ ಆರಿಸುವ ಸಮಗ್ರ ಮಾರ್ಗದರ್ಶಿ

ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗುವ ನಮ್ಮ ಕ್ಯಾಂಪರ್ ವ್ಯಾನಿನ ಮೊದಲ ಬ್ಯಾಟರಿ ಕೈಕೊಟ್ಟದ್ದು ಮರವಂತೆಯಲ್ಲಿ, ರಾತ್ರಿ ಮೂರರ ಸುಮಾರಿಗೆ. ಪರಿಚಯದವರ ತೆಂಗಿನ ತೋಟದಲ್ಲಿ ವ್ಯಾನ್ ನಿಲ್ಲಿಸಿ ಮಲಗಿದ್ದೆವು. ಸೆಕೆಗೆ ಎಚ್ಚರವಾದಾಗ ಫ್ಯಾನು ನಿಂತಿತ್ತು, ಫ್ರಿಜ್ಜಿನ ಕೆಂಪು ದೀಪ ಮಿಣುಕುತ್ತಿತ್ತು. ಒಳಗೆ ಸಂಜೆ ತಂದ ಅಂಜಲ್ ಮೀನು, ಮಗುವಿನ ಹಾಲು. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 11.4 ವೋಲ್ಟ್. 150 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿ ಅದು (ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ), ಮನೆಯ ಯುಪಿಎಸ್‌ಗೆ ಹಾಕುತ್ತಾರಲ್ಲ, ಅದೇ ಎತ್ತರದ ಡಬ್ಬ. ತಂದು ಎಂಟು ತಿಂಗಳಾಗಿತ್ತಷ್ಟೆ. ಹಿಂದಿನ ದಿನ ನಾಲ್ಕು ಗಂಟೆ ಗಾಡಿ ಓಡಿತ್ತು, ಚಾರ್ಜ್ ಆಗಿರಲೇಬೇಕು ಅಂದುಕೊಂಡಿದ್ದೆ.

ಕುಂದಾಪುರದಲ್ಲಿ ಬ್ಯಾಟರಿ ಕೆಲಸದ ಹಿರಿಯರೊಬ್ಬರು ಅದನ್ನು ಇಡೀ ದಿನ ಚಾರ್ಜಿಗೆ ಹಾಕಿ, ಮರುದಿನ ಆರೂ ಮುಚ್ಚಳ ಬಿಚ್ಚಿ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದರು. 1250 ಇರಬೇಕಾದಲ್ಲಿ ನಾಲ್ಕು ಸೆಲ್ 1180 ತೋರಿಸಿದವು, ಎರಡು 1150. ಗಾಡಿ ಸ್ಟಾರ್ಟ್ ಮಾಡಿಸಿ, ಮುಂಬದಿಯಲ್ಲಿ ಎಂಜಿನ್ನಿಗೆಂದು ಇರುವ ಬ್ಯಾಟರಿಯಲ್ಲಿ ಅಳೆದರು: 14.2 ವೋಲ್ಟ್. ಹಿಂದೆ ಬಂದು, ಫ್ರಿಜ್ಜು ಫ್ಯಾನಿಗೆಂದು ಇಟ್ಟ ಈ ಬ್ಯಾಟರಿಯಲ್ಲಿ ಅಳೆದರು: 13.2. ಎಂಜಿನ್ನಿಂದ ಹಿಂಬದಿಯವರೆಗೆ ಎಳೆದಿದ್ದ 6 ಸ್ಕ್ವೇರ್ ಎಂಎಂ ವೈರಿನಲ್ಲಿ ಒಂದು ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತಿತ್ತು. "ಇದಕ್ಕೆ ಹೊಟ್ಟೆ ತುಂಬ ಕೊಡ್ಲೇ ಇಲ್ಲ ಮಾರಾಯ್ರೆ, ಬರೀ ಅರೆಹೊಟ್ಟೆ" ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬ್ಯಾಟರಿ ಕೊಳ್ಳುವಾಗ ನಾವೆಲ್ಲ ಕೇಳುವುದು ಎಷ್ಟು ಎಎಚ್, ಎಷ್ಟು ವರ್ಷ ವಾರಂಟಿ ಎಂದು. ಗಾಡಿಯ ಮಟ್ಟಿಗೆ ಮೊದಲು ಕೇಳಬೇಕಾದದ್ದು ಬೇರೆ: ಇದನ್ನು ದಿನಾ ಪೂರ್ತಿ ತುಂಬಿಸಲು ನನ್ನ ಕೈಯಲ್ಲಿ ಆಗುತ್ತದೆಯೇ? ಮನೆಯ ಯುಪಿಎಸ್‌ಗೆ ಕರೆಂಟ್ ಬಂದ ಕೂಡಲೇ ಹತ್ತು ಗಂಟೆ ಪುರಸೊತ್ತಾಗಿ ಚಾರ್ಜ್ ಸಿಗುತ್ತದೆ. ಗಾಡಿಯ ಬ್ಯಾಟರಿಗೆ ಸಿಗುವುದು ಮೂರು ಗಂಟೆಯ ಓಟ, ಮೋಡದ ನಡುವೆ ಎರಡು ಗಂಟೆ ಬಿಸಿಲು. ಅರೆಹೊಟ್ಟೆಯಲ್ಲೂ ಬದುಕುವ ಬ್ಯಾಟರಿ ಯಾವುದು, ಸಾಯುವುದು ಯಾವುದು ಎಂಬುದರ ಮೇಲೆ ಆಯ್ಕೆ ನಿಂತಿದೆ. ಕೆಳಗಿನ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ.

ಹೆಜ್ಜೆ 1: ಒಂದು ದಿನದ ಖರ್ಚನ್ನು ಯೂನಿಟ್ಟಿನಲ್ಲಿ ಬರೆಯಿರಿ

ಎಎಚ್ ಲೆಕ್ಕ ಸದ್ಯಕ್ಕೆ ಬದಿಗಿಡಿ. ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ ಎಲ್ಲರಿಗೂ ಗೊತ್ತು: 1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್, ಅಂದರೆ 1000 ವ್ಯಾಟ್-ಅವರ್. ಗಾಡಿಯ ಖರ್ಚನ್ನೂ ಅದರಲ್ಲೇ ಅಳೆದರೆ ಬ್ಯಾಟರಿ, ಸೋಲಾರ್, ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಕರೆಂಟ್ ಮಾಡುವ ಯಂತ್ರ) ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು.

ನಮ್ಮ ನಾಲ್ವರ ಗಾಡಿಯ ಲೆಕ್ಕ ಹೀಗಿದೆ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್, 45 ಲೀಟರಿನದು, ಓಡುವಾಗ 50 ವ್ಯಾಟ್ ಎಳೆಯುತ್ತದೆ. ಕರಾವಳಿಯ ಸೆಕೆಯಲ್ಲಿ ದಿನದ ಅರ್ಧ ಹೊತ್ತು ಓಡಿಯೇ ಓಡುತ್ತದೆ. ಅಲ್ಲಿಗೆ 600 ವ್ಯಾಟ್-ಅವರ್. 15 ವ್ಯಾಟಿನ ಎರಡು ಫ್ಯಾನು ಹತ್ತು ಗಂಟೆ: 300. ದೀಪಗಳು 80, ಫೋನುಗಳು 60, ಲ್ಯಾಪ್‌ಟಾಪ್ ಮೂರು ಗಂಟೆ 150, ನೀರಿನ ಪಂಪು 15. ಬೆಳಿಗ್ಗೆ ಚಟ್ನಿಗೆ 750 ವ್ಯಾಟಿನ ಮಿಕ್ಸಿ ನಾಲ್ಕು ನಿಮಿಷ: 50. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ ತನ್ನ ಪಾಲಿಗೆ 10–20 ವ್ಯಾಟ್ ತಿನ್ನುತ್ತಲೇ ಇರುತ್ತದೆ. ಹಗಲೂ ರಾತ್ರಿ ಹಾಗೇ ಬಿಟ್ಟರೆ ದಿನಕ್ಕೆ 300 ದಾಟಬಹುದು. ಬೇಕಾದಾಗ ಮಾತ್ರ ಹಾಕಿದರೆ 60ರಲ್ಲಿ ಮುಗಿಯುತ್ತದೆ. ಒಟ್ಟು ಕೂಡಿದರೆ 1.3 ಯೂನಿಟ್ ಆಯಿತು.

ಇಂಡಕ್ಷನ್ ಒಲೆ ಇಟ್ಟುಕೊಳ್ಳುವ ಆಸೆ ಇದ್ದವರು ಇಲ್ಲೇ ನಿಂತು ಯೋಚಿಸಿ. 1500 ವ್ಯಾಟಿನ ಒಲೆ ದಿನಕ್ಕೆ 40 ನಿಮಿಷ ಉರಿದರೆ ಒಂದು ಪೂರ್ತಿ ಯೂನಿಟ್. ನಮ್ಮ ಇಡೀ ದಿನದ ಖರ್ಚು ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಅಡುಗೆಗೆ ಗ್ಯಾಸೇ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 2: ತುಂಬುವ ದಾರಿಗಳನ್ನು ಅಳೆಯಿರಿ

ಗಾಡಿಗೆ ಕರೆಂಟ್ ಬರುವುದು ಮೂರು ದಾರಿಯಲ್ಲಿ: ಮಾಡಿನ ಮೇಲಿನ ಸೋಲಾರ್, ಎಂಜಿನ್ನಿನ ಆಲ್ಟರ್ನೇಟರ್ (ಗ್ಯಾರೇಜಿನವರು ಇಂದಿಗೂ ಡೈನಮೊ ಎನ್ನುತ್ತಾರೆ), ಮತ್ತು ಮನೆಯಲ್ಲೋ ಹೋಂಸ್ಟೇಯಲ್ಲೋ ಸಿಗುವ ಪ್ಲಗ್ಗು.

ಮಾಡಿನ ಮೇಲೆ ಚಪ್ಪಟೆಯಾಗಿ ಮಲಗಿಸಿದ 400 ವ್ಯಾಟ್ ಪ್ಯಾನೆಲ್ ಬಯಲುಸೀಮೆಯ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 1.3–1.4 ಯೂನಿಟ್ ಕೊಡುತ್ತದೆ. ಹಂಪಿಯಲ್ಲಿ ಫೆಬ್ರವರಿಯಲ್ಲಿ ಇದ್ದರೆ ಚಿಂತೆಯೇ ಇಲ್ಲ. ಅದೇ ಪ್ಯಾನೆಲ್ ಜುಲೈ ತಿಂಗಳ ಆಗುಂಬೆಯಲ್ಲಿ ಕಾಲು ಭಾಗ ಕೊಟ್ಟರೂ ದೊಡ್ಡದು. ಮರದ ನೆರಳಿನಲ್ಲಿ ನಿಲ್ಲಿಸಿದರೂ ಅಷ್ಟೆ. ತಂಪು ಬೇಕೆಂದರೆ ಬಿಸಿಲು ಬಿಡಬೇಕು.

ಆಲ್ಟರ್ನೇಟರಿನಿಂದ 30 ಆಂಪಿಯರ್ ತೆಗೆದರೆ ಗಂಟೆಗೆ 0.4 ಯೂನಿಟ್. ಬೆಂಗಳೂರಿನಿಂದ ಹಾಸನಕ್ಕೆ ಮೂರೂವರೆ ಗಂಟೆ ಎಂದಿಟ್ಟುಕೊಂಡರೆ 1.4 ಯೂನಿಟ್, ಅಂದರೆ ನಮ್ಮ ಒಂದು ದಿನದ ಖರ್ಚು ಪೂರ್ತಿ ಬಂತು. ಆದರೆ ಆ ಮೂರೂವರೆ ಗಂಟೆಯಲ್ಲಿ ಬ್ಯಾಟರಿ ಅಷ್ಟನ್ನು ಕುಡಿಯಬಲ್ಲದೇ? ಇಲ್ಲಿಂದ ಮುಂದೆ ಬ್ಯಾಟರಿಯ ಜಾತಿ ಮುಖ್ಯವಾಗುತ್ತದೆ.

ಹೆಜ್ಜೆ 3: ಜಾತಿಗಳನ್ನು ಅರಿಯಿರಿ

ಲೆಡ್-ಆಸಿಡ್ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು. ಇವತ್ತಿಗೂ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತದೆ, ರಿಪೇರಿ ಗೊತ್ತಿರುವವರಿದ್ದಾರೆ, ಹಳೆಯದಕ್ಕೆ ಗುಜರಿ ಬೆಲೆಯೂ ಇದೆ. ಇದರ ಗುಣವನ್ನು ಒಂದು ಸಲ ಸರಿಯಾಗಿ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಕರೆಂಟ್ ಖರ್ಚಾಗುತ್ತಾ ಹೋದಂತೆ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮತ್ತೆ ಆಸಿಡ್ಡಿಗೆ ಸೇರಬೇಕು. ಬೆಲ್ಲದ ಪಾಕವನ್ನು ನೆನೆಸಿಕೊಳ್ಳಿ: ಬೆಚ್ಚಗಿರುವಾಗಲೇ ನೀರು ಹಾಕಿ ಕಲಕಿದರೆ ಕರಗುತ್ತದೆ, ಎರಡು ದಿನ ಬಿಟ್ಟರೆ ಪಾತ್ರೆಗೆ ಕಚ್ಚಿ ಹರಳುಗಟ್ಟುತ್ತದೆ. ಸಲ್ಫೇಟೂ ಹಾಗೆಯೇ. ಅರ್ಧ ಖಾಲಿಯಾದ ಲೆಡ್ ಬ್ಯಾಟರಿಯನ್ನು ವಾರಗಟ್ಟಲೆ ಪೂರ್ತಿ ತುಂಬದೆ ಬಿಟ್ಟರೆ ಹರಳು ಗಟ್ಟಿಯಾಗಿ, ಪ್ಲೇಟಿನ ಅಷ್ಟು ಜಾಗ ಶಾಶ್ವತವಾಗಿ ಸತ್ತಂತೆ. ಹೈಡ್ರೋಮೀಟರಿನಲ್ಲಿ ಕಂಡ 1180 ಅದೇ: ಆಸಿಡ್ಡಿಗೆ ವಾಪಸು ಬರಬೇಕಾದ ಗಂಧಕ ಪ್ಲೇಟಿಗೆ ಕಚ್ಚಿಕೊಂಡು ಕೂತಿತ್ತು.

ಅದನ್ನು ಬೇಗ ತುಂಬಿಸೋಣವೆಂದರೆ ಅದೂ ಆಗದು. 150 ಎಎಚ್ ಟ್ಯೂಬ್ಯುಲರ್‌ಗೆ ಸಾಮಾನ್ಯವಾಗಿ 15 ಆಂಪಿಯರ್ ಆಸುಪಾಸು ಚಾರ್ಜ್ ಕೊಡಬೇಕು. ಶೇ. 80ರವರೆಗೆ ಚುರುಕಾಗಿ ಏರುತ್ತದೆ. ಕೊನೆಯ ಶೇ. 20ಕ್ಕೆ ತಾನಾಗಿಯೇ ಕಡಿಮೆ ಕಡಿಮೆ ಎಳೆಯುತ್ತಾ ನಾಲ್ಕೈದು ಗಂಟೆ ತೆಗೆದುಕೊಳ್ಳುತ್ತದೆ. ಆ ಕೊನೆಯ ಗಂಟೆಗಳೇ ಹರಳು ಕರಗಿಸುವ ಗಂಟೆಗಳು, ಮತ್ತು ಗಾಡಿಯಲ್ಲಿ ಸಿಗದೇ ಹೋಗುವುದೂ ಅವೇ.

ಇದರಲ್ಲೇ ಒಳಪಂಗಡಗಳಿವೆ. ಕಾರು ಸ್ಟಾರ್ಟ್ ಮಾಡುವ ಬ್ಯಾಟರಿಯ ಪ್ಲೇಟು ತೆಳು, ಒಂದೇ ಏಟಿಗೆ ನೂರಾರು ಆಂಪಿಯರ್ ಕೊಡುವುದಕ್ಕೆ ಮಾಡಿದ್ದು. ಫ್ರಿಜ್ಜಿಗೆ ಹಾಕಿದರೆ ಒಂದೇ ಬೇಸಿಗೆಗೆ ಮುಗಿಯುತ್ತದೆ, ಅದರ ಯೋಚನೆ ಬೇಡ. ಟ್ಯೂಬ್ಯುಲರ್ ಗಟ್ಟಿಮುಟ್ಟು, ಹೊಟ್ಟೆ ತುಂಬ ಕೊಟ್ಟು ಅರ್ಧದವರೆಗೆ ಮಾತ್ರ ಬಳಸಿದರೆ ಸಾವಿರದಷ್ಟು ಸಲ ದುಡಿಯುತ್ತದೆ. ಆದರೆ ಆಸಿಡ್ ತುಂಬಿದಾಗ 50 ಕಿಲೋ ಮೀರುತ್ತದೆ, ಘಾಟಿಯ ತಿರುವುಗಳಲ್ಲಿ ಆಸಿಡ್ ಮುಚ್ಚಳದ ಬಳಿ ಒಸರುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇ. 4 ಸೇರಿದರೆ ಒಂದು ಕಿಡಿ ಸಾಕು. ಮಲಗುವ ಜಾಗದೊಳಗೆ, ಹೊರಗೆ ಗಾಳಿ ಹೋಗುವ ಪೈಪಿಲ್ಲದೆ, ಮಂಚದ ಕೆಳಗೆ ಇದನ್ನು ಇಟ್ಟಿರುವ ಗಾಡಿಗಳನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಇಡಬೇಡಿ.

ಎಜಿಎಂ ಬ್ಯಾಟರಿಯಲ್ಲಿ ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ. ಚೆಲ್ಲುವುದಿಲ್ಲ, ಬ್ಯಾಟರಿ ನೀರು ಹಾಕುವ ತಾಪತ್ರಯವಿಲ್ಲ, ಸ್ವಲ್ಪ ಬೇಗ ತುಂಬುತ್ತದೆ. 100 ಎಎಚ್‌ನದು 30 ಕಿಲೋ ಸುಮಾರು. ಅಂಗಡಿಯಲ್ಲಿ ಇದನ್ನು ಎಸ್‌ಎಂಎಫ್ (ಸೀಲ್ಡ್ ಮೆಂಟೆನೆನ್ಸ್ ಫ್ರೀ) ಎಂದೇ ಕೇಳಬೇಕು. ಎಚ್ಚರ ಇಷ್ಟೇ: ಕಂಪ್ಯೂಟರ್ ಯುಪಿಎಸ್‌ಗೆ ಮಾಡಿದ ಎಸ್‌ಎಂಎಫ್ ಯಾವಾಗಲೂ ತುಂಬಿಕೊಂಡು ಕಾಯುವ ಕೆಲಸದ್ದು, ದಿನಾ ಅರ್ಧ ಖಾಲಿಯಾಗುವ ಕೆಲಸಕ್ಕೆ ಅಲ್ಲ. ಡೀಪ್ ಸೈಕಲ್ ಎಂದು ಬರೆದಿದೆಯೇ ನೋಡಿ. ಜೆಲ್ ಬ್ಯಾಟರಿ ಸೆಕೆಯನ್ನು ಇನ್ನಷ್ಟು ತಾಳುತ್ತದೆ, ಆದರೆ 14.2 ವೋಲ್ಟ್ ಮೀರಿದರೆ ಒಳಗೆ ಗುಳ್ಳೆ ಎದ್ದು ಆ ಜಾಗ ಕೆಡುತ್ತದೆ. ಆಲ್ಟರ್ನೇಟರ್ 14.4 ಕೊಡುವ ಗಾಡಿಯಲ್ಲಿ ಅದನ್ನು ನೇರ ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ. ಎರಡಕ್ಕೂ ಹರಳಿನ ಕಾಯಿಲೆ ತಪ್ಪಿದ್ದಲ್ಲ. ಇವೂ ಲೆಡ್ಡೇ.

ಇನ್ನು ಲಿಥಿಯಂ. "ಲಿಥಿಯಂ ಹೊತ್ತಿಕೊಳ್ಳುತ್ತದಲ್ಲ" ಎಂದು ಮನೆಯವರು ಕೇಳುವುದು ಸಹಜ. ಲಿಥಿಯಂ ಎಂಬುದು ಒಂದೇ ಜಾತಿಯಲ್ಲ. ಬಹಳಷ್ಟು ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಇದ್ದದ್ದು ಎನ್‌ಎಂಸಿ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ್ದು. ಬಿಸಿ ಮಿತಿ ಮೀರಿದರೆ ತನ್ನೊಳಗಿನಿಂದಲೇ ಆಮ್ಲಜನಕ ಬಿಡುತ್ತದೆ, ಬೆಂಕಿ ತಾನೇ ತನ್ನನ್ನು ಊದಿಕೊಳ್ಳುತ್ತದೆ. ಗಾಡಿಗಳಿಗೆ ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಮಾರುಕಟ್ಟೆಯ ಮಾತಿನಲ್ಲಿ ಎಲ್‌ಎಫ್‌ಪಿ. ಇದರಲ್ಲಿ ಆಮ್ಲಜನಕ ಫಾಸ್ಫೇಟಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಬೆಂಕಿ ಆಗುವುದೇ ಇಲ್ಲ ಎಂದಲ್ಲ. ಆದರೆ ಎನ್‌ಎಂಸಿಗೆ ಹೋಲಿಸಿದರೆ ಬಹಳ ಸಾಧು.

ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ ಪ್ರಬಂಧ 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂತು. ಬರೆದವರು ಮೂವರು: ಪಾಢಿ, ಕೆ.ಎಸ್. ನಂಜುಂಡಸ್ವಾಮಿ, ಮತ್ತು ಮುಂದೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಜಾನ್ ಗುಡ್‌ಇನಫ್. ನಡುವಿನ ಹೆಸರನ್ನು ಮೊದಲ ಸಲ ಓದಿದಾಗ, ನಂಜನಗೂಡಿನ ಕಡೆ ಮನೆಮನೆಯಲ್ಲೂ ಕೇಳುವ ಹೆಸರಲ್ಲವೇ ಎಂದು ಮನಸ್ಸು ಅರಳಿತು.

ಎಲ್‌ಎಫ್‌ಪಿ ಗಾಡಿಗೆ ಒಗ್ಗಲು ದೊಡ್ಡ ಕಾರಣ, ಅದಕ್ಕೆ ಅರೆಹೊಟ್ಟೆ ಕಾಯಿಲೆ ತರುವುದಿಲ್ಲ. ಶೇ. 40ಕ್ಕೆ ತುಂಬಿ ಬಿಟ್ಟರೂ, ಶೇ. 70ಕ್ಕೆ ಬಿಟ್ಟರೂ ನೆಮ್ಮದಿಯಾಗಿ ಇರುತ್ತದೆ. ಅದಕ್ಕೆ ಪೂರ್ತಿ ತುಂಬಿಕೊಂಡು ತಿಂಗಳುಗಟ್ಟಲೆ ಕೂರುವುದೇ ಅಷ್ಟಾಗಿ ಹಿಡಿಸದು. 100 ಎಎಚ್‌ನದಕ್ಕೆ 50 ಆಂಪಿಯರ್ ಕೊಟ್ಟರೂ ಹೆಚ್ಚುಕಡಿಮೆ ಕೊನೆಯವರೆಗೂ ಅದೇ ವೇಗದಲ್ಲಿ ಕುಡಿಯುತ್ತದೆ. ತೂಕ 11–13 ಕಿಲೋ. ಶೇ. 80ರಷ್ಟು ಬಳಸುತ್ತಾ ಹೋದರೂ 3000 ಸಲ ಎಂಬುದು ಒಳ್ಳೆಯ ಸೆಲ್ಲುಗಳಿಗೆ ಸಾಮಾನ್ಯ.

ನಾಲ್ಕು ಎಲ್‌ಎಫ್‌ಪಿ ಸೆಲ್ ಸರಣಿಯಲ್ಲಿ ಜೋಡಿಸಿದರೆ 12.8 ವೋಲ್ಟ್, ತುಂಬಿದಾಗ 14.6. ಹಳೆಯ 12 ವೋಲ್ಟ್ ಉಪಕರಣಗಳಿಗೆ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತದೆ. ಎನ್‌ಎಂಸಿ ಮೂರು ಸೆಲ್ ಹಾಕಿದರೆ ಖಾಲಿಯಾಗುತ್ತಾ 9 ವೋಲ್ಟಿಗೆ ಇಳಿಯುತ್ತದೆ, ನಾಲ್ಕು ಹಾಕಿದರೆ 16.8ಕ್ಕೆ ಏರುತ್ತದೆ. ಎರಡೂ ಒಗ್ಗದು. ಹಳೆಯ ಸ್ಕೂಟರ್ ಬ್ಯಾಟರಿ ಬಿಚ್ಚಿ ಅಗ್ಗದಲ್ಲಿ ಕಟ್ಟಿಕೊಡುತ್ತೇವೆ ಎನ್ನುವವರಿಗೆ ಕೈಮುಗಿದು ಬನ್ನಿ.

ಎಲ್‌ಎಫ್‌ಪಿಯ ನಿಜವಾದ ದೌರ್ಬಲ್ಯ ಚಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಪದರುಗಟ್ಟಿ ಸೆಲ್ ಹಾಳಾಗುತ್ತದೆ. ಕರ್ನಾಟಕದಲ್ಲಿ ಈ ಚಿಂತೆಯಿಲ್ಲ. ಲಡಾಖ್, ಸ್ಪಿತಿ ಎಂದು ಗಾಡಿ ತೆಗೆದುಕೊಂಡು ಹೊರಡುವವರು ಚಳಿಯಲ್ಲಿ ಚಾರ್ಜ್ ತಡೆಯುವ ಬಿಎಂಎಸ್ (ಬ್ಯಾಟರಿಯೊಳಗಿನ ಎಲೆಕ್ಟ್ರಾನಿಕ್ ಕಾವಲು) ಇರುವುದನ್ನೇ ಕೊಳ್ಳಬೇಕು, ಬ್ಯಾಟರಿಯನ್ನು ಗಾಡಿಯ ಒಳಗೆ ಬೆಚ್ಚಗಿಡಬೇಕು. ಸೆಕೆ ಮಾತ್ರ ಎರಡೂ ಜಾತಿಗೆ ವೈರಿ. ಲೆಡ್ ಬ್ಯಾಟರಿಗೆ ಪ್ರತಿ 10 ಡಿಗ್ರಿ ಏರಿದಂತೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಹಳೆಯ ಲೆಕ್ಕ. ಮೇ ತಿಂಗಳ ಕಲಬುರಗಿಯಲ್ಲಿ ಮುಚ್ಚಿದ ವ್ಯಾನು ಎಷ್ಟು ಕಾಯುತ್ತದೆಂದು ನಿಂತು ನೋಡಿದವರಿಗೆ ಗೊತ್ತು.

ಹೆಜ್ಜೆ 4: ನಿಮ್ಮ ತಿರುಗಾಟಕ್ಕೆ ಹೊಂದಿಸಿ

ಲೆಕ್ಕಕ್ಕೆಂದು 150 ಎಎಚ್ ಟ್ಯೂಬ್ಯುಲರ್‌ಗೆ ₹16,000, 100 ಎಎಚ್ ಎಲ್‌ಎಫ್‌ಪಿಗೆ ₹32,000 ಎಂದು ಹಿಡಿಯೋಣ. ನಿಮ್ಮೂರಿನ ಬೆಲೆ ಹಾಕಿ ಮತ್ತೆ ಮಾಡಿ. ಟ್ಯೂಬ್ಯುಲರ್‌ನಲ್ಲಿ ಇರುವುದು 1.8 ಯೂನಿಟ್, ಬಳಸಬಹುದಾದ್ದು ಅರ್ಧ, 0.9. ಎಲ್‌ಎಫ್‌ಪಿಯಲ್ಲಿ ಇರುವುದು 1.28, ಬಳಸಬಹುದಾದ್ದು 1.02. ಅಂದರೆ ಕೈಗೆ ಸಿಗುವುದು ಹೆಚ್ಚುಕಡಿಮೆ ಒಂದೇ. ಸಾವಿರ ಸಲ ದುಡಿದರೆ ಟ್ಯೂಬ್ಯುಲರ್‌ನ ಒಂದು ಯೂನಿಟ್ಟಿಗೆ ₹18 ಬಿತ್ತು, 3000 ಸಲ ದುಡಿದರೆ ಎಲ್‌ಎಫ್‌ಪಿಯದಕ್ಕೆ ₹10.50. ಮರವಂತೆಯಲ್ಲಿ ಸತ್ತ ನಮ್ಮ ಬ್ಯಾಟರಿ 70 ರಾತ್ರಿ ದುಡಿದಿತ್ತು. ಅದರ ಒಂದೊಂದು ಯೂನಿಟ್ಟೂ ₹250ರಷ್ಟು ಬಿದ್ದಂತಾಯಿತು.

ಹಾಗೆಂದು ಎಲ್ಲರೂ ಎಲ್‌ಎಫ್‌ಪಿ ತನ್ನಿ ಎಂದು ಹೇಳಲಾರೆ. ವರ್ಷಕ್ಕೆ 20 ರಾತ್ರಿ ಮಾತ್ರ ಗಾಡಿಯಲ್ಲಿ ಮಲಗುವವರು, ಉಳಿದ ದಿನ ಮನೆಯಂಗಳದಲ್ಲಿ ಪ್ಲಗ್ಗಿಗೆ ಹಾಕಿ ನಿಲ್ಲಿಸುವವರು 3000 ಸಲವನ್ನು ಯಾವ ಜನ್ಮದಲ್ಲಿ ಮುಗಿಸಬೇಕು? ಅವರ ಬ್ಯಾಟರಿಗೆ ಹೊಟ್ಟೆ ತುಂಬ ಸಿಗುತ್ತದೆ. ಎಜಿಎಂ ಸಾಕು, ದುಡ್ಡು ಉಳಿಯುತ್ತದೆ. ವಾರಗಟ್ಟಲೆ ಕಾಡು, ಕಡಲು ಎಂದು ಪ್ಲಗ್ಗಿಲ್ಲದ ಕಡೆ ಇರುವವರಿಗೆ, ಮಳೆಗಾಲದಲ್ಲೂ ಮಲೆನಾಡಿಗೆ ಹೊರಡುವವರಿಗೆ ಎಲ್‌ಎಫ್‌ಪಿ ಬಿಟ್ಟು ಬೇರೆ ದಾರಿ ನನಗೆ ಕಾಣದು. ಟ್ಯೂಬ್ಯುಲರ್ ಒಂದೇ ಕಡೆ ನಿಂತಿರುವ ಗಾಡಿಗೆ, ತೋಟದಲ್ಲಿ ನಿಲ್ಲಿಸಿ ದಿನವಿಡೀ ಸೋಲಾರ್ ಕುಡಿಯುವ ಗಾಡಿಗೆ ಸರಿ.

ಇದಕ್ಕೆ ಮಿಕ್ಸಿಯ ಪರೀಕ್ಷೆಯೊಂದನ್ನೂ ಸೇರಿಸಿಕೊಳ್ಳಿ. 750 ವ್ಯಾಟಿನ ಮಿಕ್ಸಿ 12 ವೋಲ್ಟಿನಲ್ಲಿ 70 ಆಂಪಿಯರ್ ಎಳೆಯುತ್ತದೆ. ಅರ್ಧ ಖಾಲಿಯಾದ ಲೆಡ್ ಬ್ಯಾಟರಿಯಲ್ಲಿ ಆ ಕ್ಷಣಕ್ಕೆ ವೋಲ್ಟೇಜ್ 11ರ ಕೆಳಗೆ ಕುಸಿದು ಇನ್ವರ್ಟರ್ ಕಿರುಚಿಕೊಂಡು ನಿಲ್ಲುತ್ತದೆ, ತೆಂಗಿನಕಾಯಿ ಅರ್ಧ ರುಬ್ಬಿದಲ್ಲೇ ಇರುತ್ತದೆ. ಎಲ್‌ಎಫ್‌ಪಿಯಲ್ಲಿ 13.1 ಇದ್ದದ್ದು 12.9 ಆಗುತ್ತದೆ, ಚಟ್ನಿ ಮುಗಿಯುತ್ತದೆ.

ಹೆಜ್ಜೆ 5: ಎಷ್ಟು ದೊಡ್ಡದು ಬೇಕು

ಬಿಸಿಲೂ ಇಲ್ಲದೆ ಗಾಡಿಯೂ ಓಡದೆ ಎಷ್ಟು ಹೊತ್ತು ತಳ್ಳಬೇಕೆಂದು ನಿರ್ಧರಿಸಿ. ನಾವು ಒಂದೂವರೆ ದಿನ ಎಂದುಕೊಂಡೆವು: 1.3ರ ಒಂದೂವರೆ ಪಟ್ಟು, ಸುಮಾರು 2 ಯೂನಿಟ್. ಎಲ್‌ಎಫ್‌ಪಿ ಆದರೆ 200 ಎಎಚ್ ಸಾಕು, 25 ಕಿಲೋದೊಳಗೆ ಮುಗಿಯುತ್ತದೆ. ಟ್ಯೂಬ್ಯುಲರ್ ಆದರೆ 150ರ ಎರಡು ಹಾಕಿದರೂ 1.8ಕ್ಕೇ ನಿಲ್ಲುತ್ತದೆ, ತೂಕ ಒಂದು ಕ್ವಿಂಟಾಲ್ ದಾಟುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ಆ ಕ್ವಿಂಟಾಲ್ ಗೊತ್ತಾಗುತ್ತದೆ.

ಹೆಜ್ಜೆ 6: ಅಂಗಡಿಯಲ್ಲಿ ಏನು ನೋಡಬೇಕು

ಲೆಡ್ ಬ್ಯಾಟರಿಯ ಮೈಮೇಲೆ ಸಿ20 ಅಥವಾ ಸಿ10 ಎಂದಿರುತ್ತದೆ. ಸಿ20ರ 150 ಎಎಚ್ ಎಂದರೆ 7.5 ಆಂಪಿಯರಿನಂತೆ 20 ಗಂಟೆ ತೆಗೆದಾಗ ಮಾತ್ರ 150. ಅದನ್ನೇ 70 ಆಂಪಿಯರಿನಂತೆ ಎಳೆದರೆ ಕೈಗೆ ಬರುವುದು ನೂರರ ಆಸುಪಾಸು. ಒಂದೇ ಸಂಖ್ಯೆಯ ಎರಡು ಬ್ಯಾಟರಿಗಳಲ್ಲಿ ಸಿ10ರದ್ದು, ಅಂದರೆ ಹತ್ತು ಗಂಟೆಯ ಲೆಕ್ಕದ್ದು, ಹೆಚ್ಚು ಸತ್ವದ್ದು. ತಯಾರಾದ ತಿಂಗಳನ್ನೂ ನೋಡಿ. ಅಂಗಡಿಯ ಮೂಲೆಯಲ್ಲಿ ಆರು ತಿಂಗಳು ಚಾರ್ಜಿಲ್ಲದೆ ಕೂತ ಲೆಡ್ ಬ್ಯಾಟರಿ ಅಲ್ಲೇ ಹರಳುಗಟ್ಟಲು ಶುರುವಾಗಿರುತ್ತದೆ. ವಾರಂಟಿ ಕಾರ್ಡಿನಲ್ಲಿ ವಾಹನದ ಬಳಕೆ ಸೇರಿದೆಯೇ ಎಂದು ನಿಂತು ಓದಿ.

ಎಲ್‌ಎಫ್‌ಪಿ ಕೊಳ್ಳುವಾಗ ಮೊದಲ ಪರೀಕ್ಷೆ ತಕ್ಕಡಿ. 100 ಎಎಚ್ ಎಂದು ಹೇಳಿ ಏಳೆಂಟು ಕಿಲೋ ತೂಗಿದರೆ ಒಳಗೆ ಅಷ್ಟು ಸರಕಿಲ್ಲ ಎಂದೇ ಅರ್ಥ. ಎರಡನೆಯದು ಬಿಎಂಎಸ್, ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರ: ಹೆಚ್ಚು ತುಂಬಿದರೆ, ಹೆಚ್ಚು ಖಾಲಿಯಾದರೆ, ಮಿತಿ ಮೀರಿ ಎಳೆದರೆ, ಬಿಸಿಯಾದರೆ ಸಂಪರ್ಕ ಕಡಿಯುತ್ತದೆ. 1000 ವ್ಯಾಟಿನ ಇನ್ವರ್ಟರ್ ಪೂರ್ತಿ ಎಳೆದರೆ 90 ಆಂಪಿಯರ್ ದಾಟುತ್ತದೆ. ಆದ್ದರಿಂದ ಬಿಎಂಎಸ್ 100 ಆಂಪಿಯರಿಗಿಂತ ಕಡಿಮೆ ಇರಬಾರದು.

ಮನೆಗೆ ತಂದ ಮೇಲೆ ಈ ಬ್ಯಾಟರಿ ನಿಜಕ್ಕೂ ಎಷ್ಟು ಹಿಡಿಯುತ್ತದೆಂದು ನೀವೇ ಅಳೆಯಬಹುದು, ಖರ್ಚು ಕಡಿಮೆ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ. ಗ್ಯಾರೇಜಿನಲ್ಲಿ ಸಿಗುವ ಕಾರಿನ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಎರಡನ್ನು ಫ್ಯೂಸ್ ಸಮೇತ ಸಮಾಂತರವಾಗಿ ಜೋಡಿಸಿ, ಕಬ್ಬಿಣದ ಸರಳಿಗೆ ತೂಗುಹಾಕಿ. ಬಲ್ಬುಗಳು ಬಹಳ ಬಿಸಿಯಾಗುತ್ತವೆ, ಪ್ಲಾಸ್ಟಿಕ್ಕಿಗೆ, ಬಟ್ಟೆಗೆ ತಾಗಬಾರದು. ಎರಡೂ ಸೇರಿ 9–10 ಆಂಪಿಯರ್ ಎಳೆಯುತ್ತವೆ. ಕ್ಲಾಂಪ್ ಮೀಟರಿನಲ್ಲಿ ಗಂಟೆಗೊಮ್ಮೆ ಅಳೆದು ಬರೆದಿಡಿ. ಬಿಎಂಎಸ್ ಕಡಿಯುವವರೆಗೆ ಹತ್ತು ಗಂಟೆ ಉರಿದರೆ 100 ಎಎಚ್ ನಿಜ. ಆರು ಗಂಟೆಗೇ ಆರಿದರೆ ಬಿಲ್ಲು ಹಿಡಿದು ಮರುದಿನವೇ ಅಂಗಡಿಗೆ ಹೋಗಿ. ನಾನು ಬೆಳಿಗ್ಗೆ ಆರಕ್ಕೆ ಹಚ್ಚಿದ್ದು ಸಂಜೆ ನಾಲ್ಕೂ ಕಾಲಿಗೆ ಆರಿತು. ಆ ಹಗಲಿಡೀ ಕೊಟ್ಟಿಗೆಯ ಮೂಲೆಯಲ್ಲಿ ಉರಿದ ಬೆಳಕು ನೋಡಿ ಸಿಕ್ಕ ಧೈರ್ಯ ಯಾವ ವಾರಂಟಿ ಕಾರ್ಡೂ ಕೊಟ್ಟಿರಲಿಲ್ಲ.

ಹೆಜ್ಜೆ 7: ಜೋಡಣೆ

ಲೆಡ್ ಬ್ಯಾಟರಿ ತೆಗೆದು ಅದೇ ಜಾಗಕ್ಕೆ ಎಲ್‌ಎಫ್‌ಪಿ ಹಾಕಿ ಅದೇ ವೈರು ಸಿಕ್ಕಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ಎಲ್‌ಎಫ್‌ಪಿ ಸಿಕ್ಕಷ್ಟನ್ನೂ ಎಳೆಯುತ್ತದೆ. ಟ್ರಾಫಿಕ್ಕಿನಲ್ಲಿ ಎಂಜಿನ್ ನಿಧಾನಕ್ಕೆ ತಿರುಗುವಾಗ ಆಲ್ಟರ್ನೇಟರಿನ ಫ್ಯಾನೂ ನಿಧಾನ, ಲೋಡು ಮಾತ್ರ ಪೂರ್ತಿ. ಅದರ ವೈಂಡಿಂಗ್ ಸುಟ್ಟುಹೋಗಬಹುದು. ಓಟದ ನಡುವೆ ಬಿಎಂಎಸ್ ಹಠಾತ್ತನೆ ಕಡಿದರೆ ವೋಲ್ಟೇಜ್ ಜಿಗಿದು ಆಲ್ಟರ್ನೇಟರಿನ ಡಯೋಡುಗಳು ಹೋಗಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಎರಡೂ ತಪ್ಪುತ್ತವೆ: ಅದು 30 ಆಂಪಿಯರಿನದು ಎಂದರೆ ಬ್ಯಾಟರಿಗೆ 30 ಮಾತ್ರ ಕೊಡುತ್ತದೆ, ದಾರಿಯಲ್ಲಿ ಸೋರಿದ ವೋಲ್ಟೇಜನ್ನೂ ಏರಿಸಿಕೊಡುತ್ತದೆ. ವೋಲ್ಟೇಜನ್ನು ತಾನೇ ಏರಿಳಿಸುವ ಆಲ್ಟರ್ನೇಟರ್ ಇರುವ ಹೊಸ ಗಾಡಿಗಳಲ್ಲಿ ಲೆಡ್ ಬ್ಯಾಟರಿಗೂ ಇದು ಬೇಕಾಗುತ್ತದೆ. ಬ್ಯಾಟರಿಗೆಂದು ಇಟ್ಟ ಹಣದಲ್ಲಿ ಒಂದು ಪಾಲನ್ನು ಮೊದಲೇ ಇದಕ್ಕೆ ತೆಗೆದಿಡಿ.

ವೈರಿನ ವಿಷಯದಲ್ಲಿ ಜಿಪುಣತನ ಬೇಡ. 6 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ, ಹೋಗಿ ಬರುವ ಒಟ್ಟು 12 ಮೀಟರಿಗೆ, 30 ಆಂಪಿಯರ್ ಹರಿದರೆ 1.1 ವೋಲ್ಟ್ ಸೋರುತ್ತದೆ. 16 ಸ್ಕ್ವೇರ್ ಎಂಎಂ ಹಾಕಿದರೆ 0.4. ಬ್ಯಾಟರಿಯಿಂದ 1000 ವ್ಯಾಟ್ ಇನ್ವರ್ಟರಿಗೆ ಒಂದು ಮೀಟರ್ ದೂರವಾದರೂ 35 ಸ್ಕ್ವೇರ್ ಎಂಎಂ ಇರಲಿ. ವೈರಿನ ತುದಿಗೆ ಹಾಕುವ ಲಗ್ಗುಗಳನ್ನು ಸುತ್ತಿಗೆಯಲ್ಲಿ ಬಡಿಯದೆ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ; ಬಿಗಿಯಿಲ್ಲದ ಲಗ್ಗೇ ಗಾಡಿಯಲ್ಲಿ ಮೊದಲು ಬಿಸಿಯಾಗುವ ಜಾಗ.

ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣುದ್ದದೊಳಗೆ ಇರಬೇಕು. ಎಲ್‌ಎಫ್‌ಪಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಉಗುಳುತ್ತದೆ. ಅಗ್ಗದ ಫ್ಯೂಸಿನ ತಂತಿ ಕರಗಿದ ಮೇಲೂ ಆ ಸಂದಿಯಲ್ಲಿ ಕಿಡಿ ಹಾರುತ್ತಲೇ ಇರಬಹುದು. ಅದನ್ನು ನಂದಿಸಬಲ್ಲ ಟಿ ದರ್ಜೆಯ (ಕ್ಲಾಸ್ ಟಿ) ಫ್ಯೂಸನ್ನೇ ಕೇಳಿ. ಬ್ಯಾಟರಿಯನ್ನು ಕಬ್ಬಿಣದ ಪಟ್ಟಿಯಿಂದ ಚಾಸಿಗೆ ಬಿಗಿಯಿರಿ, ಬ್ರೇಕ್ ಹಾಕಿದಾಗ ಅದು ಮುಂದೆ ಬರಬಾರದು. ಜಾಗ ನೆಲದ ಹತ್ತಿರ, ಎಂಜಿನ್ನಿಂದ ದೂರ, ನೆರಳಿನಲ್ಲಿ ಇರಲಿ.

ಸೋಲಾರಿನ ಎಂಪಿಪಿಟಿ ಚಾರ್ಜರಿನಲ್ಲಿ (ಪ್ಯಾನೆಲ್ಲಿನಿಂದ ಆದಷ್ಟೂ ಕರೆಂಟ್ ಹಿಂಡಿ ಬ್ಯಾಟರಿಗೆ ಕೊಡುವ ಪೆಟ್ಟಿಗೆ) ಬ್ಯಾಟರಿಯ ಜಾತಿ ಆರಿಸುವುದನ್ನು ಮರೆತರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಎಲ್‌ಎಫ್‌ಪಿಗೆ 14.2ರಿಂದ 14.4 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5, ಸೆಕೆ ಚಳಿಗೆ ತಕ್ಕಂತೆ ವೋಲ್ಟೇಜ್ ಬದಲಿಸುವ ಉಷ್ಣತೆಯ ಹೊಂದಾಣಿಕೆ ಆಫ್. ಈಕ್ವಲೈಸ್ ಎಂಬುದು ಕಡ್ಡಾಯವಾಗಿ ಆಫ್. ಅದು 15 ವೋಲ್ಟ್ ಮೀರುತ್ತದೆ, ಹರಳು ಕೆದರಲು ಲೆಡ್ ಬ್ಯಾಟರಿಗೆ ಮಾಡಿದ ಚಿಕಿತ್ಸೆ. ಟ್ಯೂಬ್ಯುಲರ್‌ಗೆ 14.4, ಜೆಲ್‌ಗೆ 14.1, ಎರಡಕ್ಕೂ ಉಷ್ಣತೆಯ ಹೊಂದಾಣಿಕೆ ಆನ್.

ಎಷ್ಟು ಉಳಿದಿದೆ ಎಂದು ನೋಡುವ ರೀತಿಯೂ ಬೇರೆ. ಲೆಡ್ ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದಾಗ 12.7 ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, ಅಲ್ಲಿಗೆ ನಿಲ್ಲಿಸಿ. ಎಲ್‌ಎಫ್‌ಪಿ ಶೇ. 90ರಿಂದ 20ರವರೆಗೆ 13ರ ಸುತ್ತಲೇ ಆಡುತ್ತಿರುತ್ತದೆ, ವೋಲ್ಟೇಜ್ ನೋಡಿ ಏನೂ ತಿಳಿಯದು. ಮೈನಸ್ ದಾರಿಯಲ್ಲಿ ಕರೆಂಟ್ ಅಳೆಯುವ ಶಂಟ್ ಎಂಬ ಲೋಹದ ತುಂಡು ಇಟ್ಟು ಒಳಬಂದದ್ದು, ಹೊರಹೋದದ್ದು ಎಣಿಸುವ ಮಾನಿಟರ್ ಹಾಕಿಸಿ.

ಹೆಜ್ಜೆ 8: ಗಾಡಿ ನಿಂತಿರುವಾಗ

ಪರೀಕ್ಷೆ, ಮದುವೆ, ಮಳೆ ಎಂದು ಎರಡು ತಿಂಗಳು ಗಾಡಿ ನಿಂತೇ ಇರುತ್ತದೆ. ಲೆಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ನಿಲ್ಲಿಸಿ, ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ಟ್ಯೂಬ್ಯುಲರ್ ಆದರೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಟರ್ಮಿನಲ್ಲಿನ ಮೇಲೆ ಬಿಳಿ-ನೀಲಿ ಪುಡಿ ಕಂಡರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒರೆಸಿ, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಿ. ಎಲ್‌ಎಫ್‌ಪಿಯನ್ನು ಶೇ. 50–60ಕ್ಕೆ ಇಳಿಸಿ, ಮುಖ್ಯ ಸ್ವಿಚ್ ಆಫ್ ಮಾಡಿ, ಸೋಲಾರ್ ಚಾರ್ಜರನ್ನೂ ಕಳಚಿಡಿ. ಎರಡು ತಿಂಗಳು ಅದರ ಕಡೆ ತಿರುಗಿ ನೋಡದಿದ್ದರೂ ನಡೆಯುತ್ತದೆ.

ನಮ್ಮ ಸತ್ತ ಟ್ಯೂಬ್ಯುಲರನ್ನು ಕುಂದಾಪುರದಲ್ಲೇ ಅದೇ ಹಿರಿಯರಿಗೆ ಕೊಟ್ಟು ಬಂದೆ. ಸೀಸದ ತೂಕ ಹಾಕಿ ದುಡ್ಡು ಎಣಿಸಿ ಕೊಟ್ಟರು. ಆಸಿಡ್ಡನ್ನು ಯಾವ ಕಾರಣಕ್ಕೂ ಚರಂಡಿಗೋ ತೋಟಕ್ಕೋ ಸುರಿಯಬೇಡಿ, ಡಬ್ಬದ ಸಮೇತ ಹಾಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸು ತೆಗೆದುಕೊಳ್ಳುವ ಹೊಣೆ ತಯಾರಕರದ್ದು, ಲಿಥಿಯಂಗೂ ಅದು ಅನ್ವಯಿಸುತ್ತದೆ. ಎಲ್‌ಎಫ್‌ಪಿ ಕೊಳ್ಳುವ ದಿನವೇ, ಇದು ಮುಗಿದಾಗ ಎಲ್ಲಿಗೆ ತಂದುಕೊಡಲಿ ಎಂದು ಅಂಗಡಿಯವರನ್ನು ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.